ಗೊರಕೆ ಹೊಡೆಯೋರ ಬೆರಳಿಗೆ ಒಂದು ಸೆನ್ಸರ್: ಸ್ಲೀಪ್ ಆಪ್ನಿಯಾ ಇದೆಯಾ ಅಂತ ಮನೇಲೇ ಪತ್ತೆ ಹಚ್ಚೋದು ಹೇಗೆ

ಮನೇಲಿ ಯಾರಾದ್ರೂ ಜೋರಾಗಿ ಗೊರಕೆ ಹೊಡೀತಿದ್ರೆ ನಮ್ ಮಲೆನಾಡಿನ ಕಡೆ ಏನಂತಾರೆ, ಪಾಪ ದಿನವಿಡೀ ತೋಟದಲ್ಲಿ ದಣಿದು ಬಂದಿದಾರೆ, ಒಳ್ಳೆ ನಿದ್ದೆ ಹತ್ತಿದೆ, ಎಬ್ಬಿಸ್ಬೇಡಿ ಅಂತ. ಆದ್ರೆ ಆ ಗೊರಕೆ ಮಧ್ಯೆ ಒಮ್ಮೆಲೇ ಸದ್ದು ನಿಂತು, ಹತ್ತು ಹದಿನೈದು ಸೆಕೆಂಡ್ ಏನೂ ಕೇಳಿಸ್ದೆ, ಆಮೇಲೆ ಮುಳುಗಿದೋರು ಮೇಲೆದ್ದ ಹಾಗೆ ಒಂದು ದೊಡ್ಡ ಉಸಿರು ಎಳ್ಕೊಂಡು ಮತ್ತೆ ಗೊರಕೆ ಶುರು ಆಗುತ್ತಲ್ಲ, ಅದು ಒಳ್ಳೆ ನಿದ್ದೆ ಅಲ್ವೇ ಅಲ್ಲ. ಅದು ಸ್ಲೀಪ್ ಆಪ್ನಿಯಾ ಇರಬಹುದು, ಅಂದ್ರೆ ನಿದ್ದೇಲಿ ಉಸಿರು ಮತ್ತೆ ಮತ್ತೆ ಕಟ್ಟೋ ಕಾಯಿಲೆ. ಇದನ್ನ ಖಚಿತವಾಗಿ ಹೇಳೋಕೆ ಡಾಕ್ಟರೇ ಬೇಕು, ಆದ್ರೆ ಡಾಕ್ಟರ್ ಹತ್ರ ಹೋಗ್ಲೇಬೇಕಾ ಬೇಡ್ವಾ ಅನ್ನೋದನ್ನ ಬೆರಳಿಗೆ ಹಾಕೋ ಒಂದು ಚಿಕ್ಕ ಬೆಳಕಿನ ಸೆನ್ಸರ್‌ನಿಂದ ಮನೇಲೇ ತಿಳ್ಕೋಬಹುದು. ಹೇಗೆ ಅಂತ ಪೂರ್ತಿ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ, ಓದಿ.

ಒಂದು ಮಾತನ್ನ ಮೊದಲೇ ಹೇಳ್ಬಿಡ್ತೀನಿ. ಬೆಳಿಗ್ಗೆ ಎದ್ದ ಮೇಲೆ ಆಕ್ಸಿಮೀಟರ್, ಅಂದ್ರೆ ರಕ್ತದಲ್ಲಿ ಆಕ್ಸಿಜನ್ ಶೇಕಡಾ ಎಷ್ಟಿದೆ ಅಂತ ತೋರಿಸೋ ಇದೇ ಬೆಳಕಿನ ಸೆನ್ಸರ್, ಹಾಕಿ 98 ಬಂತು, ಏನೂ ತೊಂದ್ರೆ ಇಲ್ಲ ಅಂತ ತುಂಬಾ ಜನ ಸಮಾಧಾನ ಮಾಡ್ಕೋತಾರೆ. ಎಚ್ಚರ ಇರೋವಾಗ ಆಪ್ನಿಯಾ ಇರೋರಿಗೂ 98 ಬರುತ್ತೆ ಕಣ್ರೀ. ಈ ಕಾಯಿಲೆ ಇರೋದು ನಿದ್ದೆ ಒಳಗೆ, ಅದೂ ಒಂದು ನಂಬರಲ್ಲಿ ಅಲ್ಲ, ರಾತ್ರಿ ಪೂರ್ತಿ ಆಕ್ಸಿಜನ್ ಎಷ್ಟು ಸಲ ಇಳಿದು ಎಷ್ಟು ಸಲ ಏರಿತು ಅನ್ನೋ ಗೆರೇಲಿ. ಹಾಗಾಗಿ ನಮಗೆ ಬೇಕಾಗಿರೋದು ಗ್ರಾಫ್.

ಒಳಗೆ ಆಗೋದೇನು ಅಂದ್ರೆ, ಮಲಗಿದಾಗ ನಾಲಿಗೆಯ ಹಿಂಭಾಗ, ಕಿರುನಾಲಿಗೆ ಸುತ್ತಮುತ್ತಲಿನ ಮೆತ್ತಗಿನ ಭಾಗ ಎಲ್ಲ ಸಡಿಲ ಆಗಿ ಗಂಟಲ ದಾರಿ ಮುಚ್ಚಿಹೋಗುತ್ತೆ. ಎದೆ ಹೊಟ್ಟೆ ಎರಡೂ ಉಸಿರೆಳೆಯೋಕೆ ಒದ್ದಾಡ್ತಾನೇ ಇರುತ್ತೆ, ಗಾಳಿ ಮಾತ್ರ ಒಳಗೆ ಹೋಗಲ್ಲ. ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತೆ, ಮೆದುಳು ಅರೆಕ್ಷಣ ಎಚ್ಚರ ಮಾಡಿಸುತ್ತೆ, ಗಂಟಲು ತೆರ್ಕೊಳ್ಳುತ್ತೆ, ಆಕ್ಸಿಜನ್ ಮತ್ತೆ ಏರುತ್ತೆ, ಮತ್ತೆ ನಿದ್ದೆ, ಮತ್ತೆ ಮುಚ್ಚೋದು. ಮಲಗಿದೋರಿಗೆ ಇದ್ಯಾವುದೂ ನೆನಪಿರಲ್ಲ. ಉಸಿರು 10 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ನಿಂತ್ರೆ ಅದನ್ನ ಒಂದು ಆಪ್ನಿಯಾ ಅಂತ ಎಣಿಸ್ತಾರೆ, ಪೂರ್ತಿ ನಿಲ್ಲದೆ ಕಮ್ಮಿ ಆಗಿ ಆಕ್ಸಿಜನ್ ಇಳಿದ್ರೆ ಅದಕ್ಕೆ ಹೈಪಾಪ್ನಿಯಾ ಅಂತಾರೆ. ದೊಡ್ಡೋರಲ್ಲಿ ಇವೆರಡೂ ಸೇರಿ ಗಂಟೆಗೆ 5ರಿಂದ 15 ಆದ್ರೆ ಸೌಮ್ಯ, 15ರಿಂದ 30 ಮಧ್ಯಮ, 30 ಅಥವಾ ಮೇಲೆ ಆದ್ರೆ ತೀವ್ರ. ಗಂಟೆಗೆ 30 ಅಂದ್ರೆ ಎರಡು ನಿಮಿಷಕ್ಕೊಂದು ಸಲ ಉಸಿರು ಕಟ್ಟಿದ ಹಾಗೆ, ರಾತ್ರಿ ಪೂರ್ತಿ. ಬಿಪಿ ಮಾತ್ರೆ ಎರಡೆರಡು ತಗೊಂಡ್ರೂ ಬಿಪಿ ಇಳೀದೇ ಇರೋರು, ಹಗಲು ಬಸ್ಸಲ್ಲಿ ಕೂತ ತಕ್ಷಣ ತೂಗೋರು, ಬೆಳಿಗ್ಗೆ ತಲೆನೋವು ಒಣ ಬಾಯಿ ಜೊತೆ ಏಳೋರು, ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳೋರು, ಇವರಲ್ಲಿ ಎಷ್ಟೋ ಜನರ ತೊಂದ್ರೆ ಹಿಂದೆ ಇದೇ ಇರುತ್ತೆ.

ಯಾರು ನೋಡ್ಕೋಬೇಕು

ಸ್ಟಾಪ್ ಬ್ಯಾಂಗ್ ಅಂತ ಎಂಟು ಪ್ರಶ್ನೆಗಳ ಒಂದು ಪಟ್ಟಿ ಇದೆ, ಆಪರೇಷನ್‌ಗೆ ಮುಂಚೆ ಅನಸ್ತೇಶಿಯಾ ಡಾಕ್ಟರ್‌ಗಳು ಕೇಳ್ಲಿ ಅಂತ ಕೆನಡಾದಲ್ಲಿ ಮಾಡಿದ್ದು, 2008ರಲ್ಲಿ ಪ್ರಕಟ ಆಯ್ತು. ಬಾಗಿಲು ಹಾಕಿದ್ರೂ ಕೇಳಿಸೋಷ್ಟು ಜೋರು ಗೊರಕೆ ಇದೆಯಾ, ಹಗಲು ಸುಸ್ತು ತೂಕಡಿಕೆ ಇದೆಯಾ, ನಿದ್ದೇಲಿ ಉಸಿರು ನಿಂತಿದ್ದನ್ನ ಯಾರಾದ್ರೂ ನೋಡಿದಾರಾ, ಬಿಪಿ ಇದೆಯಾ, ಬಿಎಂಐ, ಅಂದ್ರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 35ಕ್ಕಿಂತ ಜಾಸ್ತಿನಾ, ವಯಸ್ಸು 50 ದಾಟಿದೆಯಾ, ಕತ್ತಿನ ಸುತ್ತಳತೆ 40 ಸೆಂಟಿಮೀಟರ್ ಅಂದ್ರೆ ಹೆಚ್ಚೂಕಮ್ಮಿ 16 ಇಂಚು ದಾಟಿದೆಯಾ, ಗಂಡಸಾ. ಹೌದು ಅನ್ನೋ ಒಂದೊಂದಕ್ಕೆ ಒಂದೊಂದು ಅಂಕ. 0-2 ಆದ್ರೆ ಸಾಧ್ಯತೆ ಕಮ್ಮಿ, 3-4 ಮಧ್ಯಮ, 5 ಮತ್ತು ಮೇಲೆ ಆದ್ರೆ ಜಾಸ್ತಿ. ನಮ್ಮ ದೇಶದ ಜನಕ್ಕೆ ಬಿಎಂಐ 35 ಅನ್ನೋದು ತುಂಬಾ ಮೇಲಾಯ್ತು, ನಮ್ಮೋರು ಅಷ್ಟು ದಪ್ಪ ಇಲ್ದೇನೂ ಆಪ್ನಿಯಾ ಬರುತ್ತೆ, ಹಾಗಾಗಿ ಸಣ್ಣ ಇದೀನಿ ನಂಗೇನಿಲ್ಲ ಅನ್ಕೋಬೇಡಿ. ಕೆಳದವಡೆ ಹಿಂದಕ್ಕಿರೋರಿಗೆ, ಟಾನ್ಸಿಲ್ ದೊಡ್ಡದಿರೋರಿಗೆ, ಥೈರಾಯ್ಡ್ ಕಮ್ಮಿ ಇರೋರಿಗೂ ಬರಬಹುದು.

ಹೆಂಗಸರ ಬಗ್ಗೆ ಬೇರೆಯಾಗೇ ಹೇಳ್ಬೇಕು. ಪಟ್ಟೀಲಿ ಗಂಡಸಿಗೆ ಒಂದು ಅಂಕ ಇರೋದು ನಿಜ, ಆದ್ರೆ ಮುಟ್ಟು ನಿಂತ ಮೇಲೆ ಹೆಂಗಸರಿಗೂ ಇದು ಜಾಸ್ತಿ ಆಗುತ್ತೆ, ಮತ್ತೆ ಅವರು ಜೋರು ಗೊರಕೆ ಅಂತ ಹೇಳೋದಕ್ಕಿಂತ ನಿದ್ದೆ ಬರಲ್ಲ, ಸುಸ್ತು, ತಲೆನೋವು ಅಂತಾನೇ ಹೇಳೋದು ಜಾಸ್ತಿ. ಯಜಮಾನ್ರ ಗೊರಕೆ ಬಗ್ಗೆ ಮನೆಯೆಲ್ಲ ಮಾತಾಡುತ್ತೆ, ಅಮ್ಮನದನ್ನ ಯಾರೂ ಗಮನಿಸಲ್ಲ, ಆಕೆ ಎಲ್ಲರಿಗಿಂತ ಕೊನೆಗೆ ಮಲಗಿ ಎಲ್ಲರಿಗಿಂತ ಮೊದಲು ಏಳ್ತಾಳೆ, ಸುಸ್ತು ಅಂದ್ರೆ ಕೆಲಸದ ಸುಸ್ತು ಅಂತಾರೆ. ದಯವಿಟ್ಟು ಒಂದು ಸಲ ಅಮ್ಮನ ಬೆರಳಿಗೂ ಹಾಕಿ ನೋಡಿ.

ಯಂತ್ರ ತರೋಕೆ ಮುಂಚೆ ಖರ್ಚಿಲ್ಲದ ಒಂದು ಕೆಲಸ ಇದೆ. ಪಕ್ಕದಲ್ಲಿ ಮಲಗೋರು ರಾತ್ರಿ ಒಂದ್ಸಲ ಎದ್ದು ಫೋನಲ್ಲಿ ಐದು ನಿಮಿಷ ವಿಡಿಯೋ ಮಾಡಿ, ಎದೆ ಹೊಟ್ಟೆ ಕಾಣೋ ಹಾಗೆ, ಸದ್ದು ಕೇಳೋ ಹಾಗೆ. ಮಳೆಗಾಲದಲ್ಲಿ ಹೆಂಚಿನ ಮೇಲೆ ಸುರಿಯೋ ಸದ್ದಲ್ಲಿ ಗೊರಕೆನೇ ಕೇಳಲ್ಲ, ಆಗ ಫೋನನ್ನ ಮಂಚದ ತಲೆಗಡೆನೇ ಇಡಿ. ಎದೆ ಎತ್ತಿ ಎತ್ತಿ ಬೀಳ್ತಿದೆ ಆದ್ರೆ ಮೂಗಿಂದ ಸದ್ದೇ ಇಲ್ಲ ಅನ್ನೋ ವಿಡಿಯೋ ಡಾಕ್ಟರ್‌ಗೆ ತೋರಿಸಿದ್ರೆ ಅರ್ಧ ಕಥೆ ಅಲ್ಲೇ ಅರ್ಥ ಆಗುತ್ತೆ.

ಬೆಳಕಿಂದ ಆಕ್ಸಿಜನ್ ಹೇಗೆ ಗೊತ್ತಾಗುತ್ತೆ

ಇದು ತಿಳ್ಕೊಂಡ್ರೆ ಮುಂದಿನ ಎಚ್ಚರಿಕೆಗಳೆಲ್ಲ ಯಾಕೆ ಅಂತ ತಾನಾಗೇ ಹೊಳೆಯುತ್ತೆ. ಆಕ್ಸಿಮೀಟರ್‌ನಲ್ಲಿ ಎರಡು ದೀಪ ಇರುತ್ತೆ, ಒಂದು ಕೆಂಪು, ಸುಮಾರು 660 ನ್ಯಾನೋಮೀಟರ್, ಇನ್ನೊಂದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ಸುಮಾರು 940. ಆಕ್ಸಿಜನ್ ಹೊತ್ತ ಹಿಮೋಗ್ಲೋಬಿನ್ ಇನ್‌ಫ್ರಾರೆಡ್ಡನ್ನ ಜಾಸ್ತಿ ಹೀರುತ್ತೆ, ಆಕ್ಸಿಜನ್ ಇಲ್ಲದ್ದು ಕೆಂಪನ್ನ ಜಾಸ್ತಿ ಹೀರುತ್ತೆ. ಬೆರಳಲ್ಲಿ ಚರ್ಮ, ಮೂಳೆ, ಉಗುರು ಎಲ್ಲಾನೂ ಬೆಳಕು ತಡೆಯುತ್ತೆ, ಆದ್ರೆ ಅವು ಬದಲಾಗಲ್ಲ. ಪ್ರತಿ ಬಡಿತಕ್ಕೂ ಬದಲಾಗೋದು ಅಪಧಮನಿಯ ರಕ್ತ ಮಾತ್ರ. ಆ ಏರಿಳಿತದ ಭಾಗವನ್ನ ಮಾತ್ರ ತಗೊಂಡು ಕೆಂಪು ಮತ್ತು ಇನ್‌ಫ್ರಾರೆಡ್ ಎರಡರ ಅನುಪಾತ ನೋಡಿದ್ರೆ ಆಕ್ಸಿಜನ್ ಶೇಕಡಾ ಎಷ್ಟು ಅಂತ ಸಿಗುತ್ತೆ. 1970ರ ದಶಕದ ಶುರುವಿನಲ್ಲಿ ಜಪಾನಿನ ನಿಹಾನ್ ಕೋಡೆನ್ ಕಂಪನಿಯ ಎಂಜಿನಿಯರ್ ಟಕುವೋ ಆವೊಯಾಗಿ ಕಂಡುಹಿಡಿದ ಉಪಾಯ ಇದು. ಬಡಿತದಿಂದ ಆಗೋ ಏರಿಳಿತ ಅವರ ಅಳತೆಗೆ ಅಡ್ಡಿ ಮಾಡ್ತಿತ್ತು, ಅವರು ಆ ಅಡ್ಡಿಯನ್ನೇ ಅಳತೆ ಮಾಡಿಬಿಟ್ರು. ಎಂಥ ಯೋಚನೆ ನೋಡಿ.

ಸ್ಮಾರ್ಟ್‌ವಾಚ್ ಹಿಂದೆ ಹಸಿರು ಬೆಳಕು ಮಿನುಗುತ್ತಲ್ಲ, ಅದು ಬಡಿತ ಎಣಿಸೋಕೆ. ಹಸಿರು ಚರ್ಮದ ಆಳಕ್ಕೆ ಹೋಗಲ್ಲ, ಕೈ ಅಲುಗಾಡಿದ್ರೂ ಅಷ್ಟು ಕೆಡಲ್ಲ. ಆಕ್ಸಿಜನ್‌ಗೆ ವಾಚಲ್ಲೂ ಕೆಂಪು, ಇನ್‌ಫ್ರಾರೆಡ್ ಬೇಕು. ಬೆರಳಲ್ಲಿ ಬೆಳಕು ಆ ಕಡೆಯಿಂದ ಈ ಕಡೆ ದಾಟುತ್ತೆ, ಮಣಿಕಟ್ಟಲ್ಲಿ ದಾಟೋಕೆ ಆಗಲ್ಲ, ವಾಪಸ್ ಚೆಲ್ಲಿದ ಬೆಳಕನ್ನ ಹಿಡೀಬೇಕು, ಅಲ್ಲಿ ಸಿಗ್ನಲ್ ಬಡವಾಗಿರುತ್ತೆ. ಅದಕ್ಕೇ ನಾನು ಬೆರಳಿಗೇ ಮೊದಲ ಮತ ಕೊಡೋದು.

ಯಾವ ಸಾಧನ ತಗೋಬೇಕು

ಕೊರೋನಾ ಟೈಮಲ್ಲಿ ತಗೊಂಡ ಕ್ಲಿಪ್ ಆಕ್ಸಿಮೀಟರ್ ಎಲ್ಲರ ಮನೇಲೂ ಯಾವುದೋ ಡ್ರಾಯರಲ್ಲಿ ಬಿದ್ದಿರುತ್ತೆ. ಅದ್ರ ಅಳತೆ ಬೇಕಾದ್ರೆ ಸರಿ ಇರಬಹುದು, ಆದ್ರೆ ಹೆಚ್ಚಿನವಕ್ಕೆ ನೆನಪಿನ ಶಕ್ತಿ ಇಲ್ಲ, ಬೆರಳಿಗೆ ಕಚ್ಚೋ ಸ್ಪ್ರಿಂಗ್ ರಾತ್ರಿ ಪೂರ್ತಿ ಇಟ್ರೆ ನೋಯುತ್ತೆ, ಮಗ್ಗುಲು ಬದಲಿಸಿದ್ರೆ ಬಿದ್ದು ಆಫ್ ಆಗುತ್ತೆ. ಯಾರಾದ್ರೂ ಪಕ್ಕ ಕೂತು ಉಸಿರು ನಿಂತಾಗ ನಂಬರ್ ನೋಡ್ತೀನಿ ಅಂದ್ರೆ ಒಂದು ಸುಳಿವು ಸಿಗುತ್ತೆ ಅಷ್ಟೇ, ಅದ್ರಿಂದ ಲೆಕ್ಕ ಹಾಕೋಕೆ ಆಗಲ್ಲ.

ಬೇಕಾಗಿರೋದು ರಾತ್ರಿ ಪೂರ್ತಿ ರೆಕಾರ್ಡ್ ಮಾಡೋ ಆಕ್ಸಿಮೀಟರ್. ಉಂಗುರದ ಥರದ್ದು ಇದೆ, ಮಣಿಕಟ್ಟಿಗೆ ಚಿಕ್ಕ ಡಬ್ಬಿ ಕಟ್ಟಿ ಬೆರಳಿಗೆ ಮೆತ್ತಗಿನ ರಬ್ಬರ್ ತೊಪ್ಪಿಗೆ ಹಾಕೋದೂ ಇದೆ. ತಗೊಳ್ಳೋವಾಗ ನಾಲ್ಕು ವಿಷಯ ವಿಚಾರಿಸಿ. ಎಷ್ಟು ಸೆಕೆಂಡಿಗೊಮ್ಮೆ ಬರ್ಕೊಳ್ಳುತ್ತೆ, 1 ಸೆಕೆಂಡ್ ಒಳ್ಳೇದು, 4ರ ತನಕ ನಡೆಯುತ್ತೆ. ಸರಾಸರಿ ಎಷ್ಟು ಸೆಕೆಂಡಿಂದು, ಇದು ತುಂಬಾ ಮುಖ್ಯ, 3 ಸೆಕೆಂಡ್ ಒಳಗಿದ್ರೆ ಚೆಂದ, ದೊಡ್ಡ ಸರಾಸರಿ ಆದ್ರೆ ಚಿಕ್ಕ ಚಿಕ್ಕ ಇಳಿತಗಳೆಲ್ಲ ಸಪಾಟಾಗಿ ಹೋಗ್ತವೆ, ಇರೋ ಕಾಯಿಲೆ ಕಾಣ್ಸಲ್ಲ. ಎಂಟು ಹತ್ತು ಗಂಟೆ ಒಳಗೇ ಉಳಿಸ್ಕೊಳ್ಳುತ್ತಾ, ಯಾಕಂದ್ರೆ ಹೊಸನಗರದ ಆಚೆಗಿನ ಹಳ್ಳೀಲೋ ಆಗುಂಬೆ ಕಡೆಯ ಒಂಟಿ ಮನೇಲೋ ರಾತ್ರಿ ಪೂರ್ತಿ ನೆಟ್‌ವರ್ಕ್ ನಂಬ್ಕೊಂಡು ಕೂರೋಕೆ ಆಗಲ್ಲ, ಕರೆಂಟ್ ಹೋದ್ರೂ ಅದು ತನ್ನ ಪಾಡಿಗೆ ಬರ್ಕೋತಾ ಇರ್ಬೇಕು. ಕೊನೇದು, ಗ್ರಾಫನ್ನ ಪಿಡಿಎಫ್ ಆಗಿ, ಲೆಕ್ಕವನ್ನ ಸ್ಪ್ರೆಡ್‌ಶೀಟಲ್ಲಿ ತೆರೆಯೋ ಸಿಎಸ್‌ವಿ ಫೈಲ್ ಆಗಿ ಹೊರಗೆ ತೆಗೀಬಹುದಾ. ಬರೀ ನಿದ್ದೆಗೆ 82 ಅಂಕ ಅಂತ ತೋರಿಸೋ ಆ್ಯಪ್ ಇದ್ರೆ ಅದ್ರಿಂದ ನಮಗೆ ಉಪಯೋಗ ಇಲ್ಲ.

ವಾಚ್ ಇರೋರು ಕೇಳ್ತಾರೆ, ನಮ್ದ್ರಲ್ಲೇ ಆಪ್ನಿಯಾ ಅಂತ ಬರುತ್ತಲ್ಲ ಅಂತ. ಸ್ಯಾಮ್‌ಸಂಗ್ ಗ್ಯಾಲಕ್ಸಿ ವಾಚ್‌ನ ಈ ಸೌಲಭ್ಯಕ್ಕೆ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಒಪ್ಪಿಗೆ ಕೊಡ್ತು, ಅದು ಬೆಳಕಿನ ಸೆನ್ಸರ್‌ನಿಂದ ಆಕ್ಸಿಜನ್ ನೋಡುತ್ತೆ, ಹತ್ತು ದಿನದ ಒಳಗೆ ಎರಡು ರಾತ್ರಿ, ನಾಲ್ಕು ಗಂಟೆಗಿಂತ ಹೆಚ್ಚಿನ ನಿದ್ದೆ ಕೇಳುತ್ತೆ. ಆಪಲ್ ವಾಚಿಗೆ ಅದೇ ವರ್ಷ ಸೆಪ್ಟೆಂಬರಲ್ಲಿ ಒಪ್ಪಿಗೆ ಸಿಕ್ತು, ಆದ್ರೆ ಅದು ಬೆಳಕಿನ ಲೆಕ್ಕ ಅಲ್ಲ, ಉಸಿರಾಡೋವಾಗ ಮಣಿಕಟ್ಟು ಅಲುಗೋ ಸೂಕ್ಷ್ಮ ಚಲನೆಯನ್ನ ಅಕ್ಸೆಲೆರೋಮೀಟರಲ್ಲಿ ಹಿಡಿಯುತ್ತೆ. ಎರಡೂ ಹೇಳೋದು ಮಧ್ಯಮ ಅಥವಾ ತೀವ್ರ ಆಪ್ನಿಯಾದ ಲಕ್ಷಣ ಇದೆ, ಡಾಕ್ಟರನ್ನ ನೋಡಿ ಅಂತ ಮಾತ್ರ. ಎಚ್ಚರಿಕೆ ಬಂದ್ರೆ ನಂಬಿ ಹೋಗಿ, ಬರ್ಲಿಲ್ಲ ಅಂದ್ರೆ ಆರಾಮಾಗಿ ಇದೀನಿ ಅಂತ ಅರ್ಥ ಅಲ್ಲ. ಕಮ್ಮಿ ಬೆಲೆಯ ಬ್ಯಾಂಡ್‌ಗಳು ಎಷ್ಟೋ ಅರ್ಧ ಗಂಟೆಗೋ ಹತ್ತು ನಿಮಿಷಕ್ಕೋ ಒಮ್ಮೆ ಆಕ್ಸಿಜನ್ ನೋಡ್ತವೆ. ಅರ್ಧ ನಿಮಿಷದಲ್ಲಿ ಇಳಿದು ಏರಿ ಮುಗಿದುಹೋಗೋದನ್ನ ಅದ್ರಲ್ಲಿ ಹಿಡಿಯೋಕೆ ಸಾಧ್ಯ ಇಲ್ಲ.

ಮಲಗೋ ಮುಂಚೆ

ನಮ್ಮ ಕಡೆ ಇದಕ್ಕೆ ದೊಡ್ಡ ಶತ್ರು ಥಂಡಿ ಕೈ. ಆಷಾಢದ ಮಳೇಲಿ ಬೆರಳು ಮರಗಟ್ಟಿರುತ್ತೆ, ಚಳಿಗೆ ರಕ್ತನಾಳ ಕುಗ್ಗಿ ಬೆರಳ ತುದಿಗೆ ರಕ್ತ ಕಮ್ಮಿ ಹೋಗುತ್ತೆ, ಬಡಿತದ ಏರಿಳಿತವೇ ಸಣ್ಣ ಆದ್ರೆ ಸೆನ್ಸರ್‌ಗೆ ಅಳೆಯೋಕೆ ಏನೂ ಸಿಗಲ್ಲ, ಏನೇನೋ ನಂಬರ್ ತೋರಿಸುತ್ತೆ. ಬಚ್ಚಲ ಹಂಡೆಯ ಬಿಸಿನೀರಲ್ಲಿ ಕೈ ತೊಳ್ದು, ಚೆನ್ನಾಗಿ ಒರೆಸಿ, ಸೆನ್ಸರ್ ಹಾಕಿ, ಮೇಲೊಂದು ಸಡಿಲ ಕಾಲುಚೀಲನೋ ಹತ್ತಿ ಕೈಗವಸೋ ಹಾಕ್ಕೊಂಡು ಕೈಯನ್ನ ಕಂಬಳಿ ಒಳಗೇ ಇಟ್ಕೊಳ್ಳಿ. ಹೊರಗಿನ ಬೆಳಕೂ ಒಳಗೆ ನುಗ್ಗಲ್ಲ, ಬೆರಳೂ ಬೆಚ್ಚಗಿರುತ್ತೆ. ಕೆಲವು ಸಾಧನದಲ್ಲಿ ಪರ್‌ಫ್ಯೂಷನ್ ಇಂಡೆಕ್ಸ್ ಅಂತ ಒಂದು ನಂಬರ್ ಇರುತ್ತೆ, ಬಡಿತದ ಏರಿಳಿತ ಎಷ್ಟು ದೊಡ್ಡದು ಅಂತ ಅದು ಹೇಳುತ್ತೆ, 1ಕ್ಕಿಂತ ಕೆಳಗಿದ್ರೆ ಬೇರೆ ಬೆರಳು ನೋಡಿ.

ಆಮೇಲೆ ಬಣ್ಣ. ನೈಲ್ ಪಾಲಿಶ್, ಗೋರಂಟಿ ಎರಡೂ ಬೆಳಕನ್ನ ತಡೀಬಹುದು. ಅಡಿಕೆ ಸುಲಿಯೋ ಸೀಸನ್ನಲ್ಲಿ ಕೈಯೆಲ್ಲ ಚೊಗರು ಹಿಡಿದು ಉಗುರು ಬೆರಳು ಕಪ್ಪಗಾಗಿರುತ್ತೆ, ಅದು ತೊಳೆದ್ರೂ ಹೋಗಲ್ಲ, ಹಾಗಿದ್ದಾಗ ಕಲೆ ಕಮ್ಮಿ ಇರೋ ಬೆರಳು ಹುಡುಕಿ, ಕಿರುಬೆರಳು ಉಂಗುರ ಬೆರಳು ನೋಡಿ, ಕತ್ತಿ ಹಿಡಿದು ಚರ್ಮ ದಪ್ಪ ಆಗಿರೋ ಬೆರಳು ಬೇಡ. ಬಲಗೈಲಿ ಕೆಲಸ ಮಾಡೋರು ಎಡಗೈಗೆ ಹಾಕಿ. ವೈರ್ ಇದ್ರೆ ಅದನ್ನ ಮುಂಗೈ ಮೇಲೆ ಒಂದು ಚೂರು ಪೇಪರ್ ಟೇಪಿಂದ ಅಂಟಿಸಿ, ಬೆರಳ ಸುತ್ತ ಬಿಗಿಯಾಗಿ ಟೇಪ್ ಸುತ್ತಬೇಡಿ, ಬಿಗಿದ್ರೆ ರಕ್ತ ನಿಂತು ಅಳತೆ ಕೆಡುತ್ತೆ. ಬಿಪಿ ಪಟ್ಟಿ ಕಟ್ಟಿರೋ ಕೈಗೂ ಹಾಕ್ಬೇಡಿ.

ಉಳಿದಂತೆ ದಿನಾ ಹೇಗೆ ಮಲಗ್ತೀರೋ ಹಾಗೇ ಮಲಗಿ. ಪರೀಕ್ಷೆ ಅಂತ ವಿಶೇಷವಾಗಿ ಮಗ್ಗುಲಾಗಿ ಮಲಗೋದು, ಡಾಕ್ಟರ್ ಕೊಟ್ಟ ಮಾತ್ರೆ ಬಿಡೋದು ಎಲ್ಲ ಮಾಡ್ಬೇಡಿ. ಕುಡಿಯೋ ಅಭ್ಯಾಸ ಇರೋರು ಕುಡಿದ ರಾತ್ರಿ, ಕುಡೀದ ರಾತ್ರಿ ಎರಡನ್ನೂ ರೆಕಾರ್ಡ್ ಮಾಡಿ ಬೇರೆ ಬೇರೆ ಬರೆದಿಡಿ, ಹೆಂಡ ಗಂಟಲ ಸ್ನಾಯುವನ್ನ ಇನ್ನೂ ಸಡಿಲ ಮಾಡುತ್ತೆ, ಎರಡರ ವ್ಯತ್ಯಾಸ ನೋಡಿದ್ರೇನೇ ಎಷ್ಟೋ ಜನಕ್ಕೆ ಅರ್ಥ ಆಗುತ್ತೆ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟು ಮಲಗಿದ ಟೈಮು, ಎದ್ದ ಟೈಮು, ಮಧ್ಯೆ ಬಚ್ಚಲಿಗೆ ಹೋದ ಟೈಮು ಬರೀರಿ. ಒಂದೇ ರಾತ್ರಿ ಸಾಲ್ದು, ಕನಿಷ್ಠ ಮೂರು ರಾತ್ರಿ ಬೇಕು, ಮೂಗು ಕಟ್ಟಿದ ಶೀತದ ರಾತ್ರಿ ಲೆಕ್ಕಕ್ಕೆ ಬೇಡ. ನಾಲ್ಕು ಗಂಟೆಗಿಂತ ಕಮ್ಮಿ ಸಿಗ್ನಲ್ ಸಿಕ್ಕಿದ ರಾತ್ರಿ ಬಿಟ್ಟುಬಿಡಿ. ಆಪ್ನಿಯಾ ಕನಸು ಬೀಳೋ ನಿದ್ದೇಲಿ ಹೆಚ್ಚಾಗೋದು ಜಾಸ್ತಿ, ಆ ನಿದ್ದೆ ಬೆಳಗಿನ ಜಾವದ ಹೊತ್ತಿಗೆ ಉದ್ದ ಆಗುತ್ತೆ, ಹಾಲು ಕರೆಯೋಕೆ ಅಂತ ನಾಲ್ಕಕ್ಕೇ ಎದ್ದು ಸೆನ್ಸರ್ ತೆಗೆದ್ರೆ ಮುಖ್ಯವಾದ ಭಾಗಾನೇ ತಪ್ಪಿಹೋಗಬಹುದು.

ಬೆಳಿಗ್ಗೆ ಗ್ರಾಫ್ ಓದೋದು

ಆರೋಗ್ಯವಾಗಿರೋರ ರಾತ್ರಿಯ ಗೆರೆ ಹೆಚ್ಚೂಕಮ್ಮಿ ಸಪಾಟಾಗಿ 95-97ರ ಸುತ್ತ ಓಡುತ್ತೆ, ಎಚ್ಚರದಲ್ಲಿ ಇದ್ದಿದ್ದಕ್ಕಿಂತ ಒಂದೆರಡು ಕಮ್ಮಿ ಇರೋದು ಸಹಜ. ಆಪ್ನಿಯಾ ಇರೋರ ಗೆರೆ ಗರಗಸದ ಹಲ್ಲಿನ ಥರ ಇರುತ್ತೆ: ನಿಧಾನಕ್ಕೆ ಇಳಿಯುತ್ತೆ, ತಟ್ಟನೆ ಏರುತ್ತೆ, ಮತ್ತೆ ನಿಧಾನಕ್ಕೆ ಇಳಿಯುತ್ತೆ, ಹೀಗೆ ಸಾಲು ಸಾಲಾಗಿ. ಉಸಿರು ನಿಂತಾಗ ಆಕ್ಸಿಜನ್ ಮೆಲ್ಲಗೆ ಖರ್ಚಾಗುತ್ತೆ, ಆ ದೊಡ್ಡ ಉಸಿರು ಎಳೆದ ತಕ್ಷಣ ಭರ್ತಿ ಆಗುತ್ತೆ, ಅದಕ್ಕೆ ಆ ಆಕಾರ. ಶ್ವಾಸಕೋಶದಿಂದ ಬೆರಳಿಗೆ ರಕ್ತ ಬರೋಕೆ ಟೈಮ್ ಬೇಕಲ್ಲ, ಹಾಗಾಗಿ ಉಸಿರು ನಿಂತಿದ್ದಕ್ಕೂ ಗ್ರಾಫಲ್ಲಿ ಕಾಣೋದಕ್ಕೂ ಹತ್ತರಿಂದ ಮೂವತ್ತು ಸೆಕೆಂಡ್ ಅಂತರ ಇರುತ್ತೆ, ವಿಡಿಯೋ ಜೊತೆ ಹೊಂದಿಸಿ ನೋಡೋವಾಗ ಇದು ನೆನಪಿರ್ಲಿ.

ಕೆಳಗೆ ನಾಡಿ ಬಡಿತದ ಗೆರೆನೂ ನೋಡಿ. ಉಸಿರು ಕಟ್ಟಿದಾಗ ಬಡಿತ ನಿಧಾನ ಆಗಿ, ಉಸಿರು ಬಂದ ತಕ್ಷಣ ಒಮ್ಮೆಲೇ ಏರುತ್ತೆ. ಆಕ್ಸಿಜನ್ ಇಳಿದ ಜಾಗದ ಸುತ್ತಮುತ್ತನೇ ಬಡಿತ ಹೀಗೆ ಕುಣಿದಿದ್ರೆ ಅದು ನಿಜವಾದ ಘಟನೆ ಅಂತ ನಂಬಿಕೆ ಜಾಸ್ತಿ ಆಗುತ್ತೆ. ಆಕ್ಸಿಜನ್ ಒಂದೇ ಸೆಕೆಂಡಲ್ಲಿ 96ರಿಂದ 71ಕ್ಕೆ ಧೊಪ್ಪಂತ ಬಿದ್ದು ಹಾಗೇ ವಾಪಸ್ 96 ಬಂದ್ರೆ, ಬಡಿತಾನೂ ಅದೇ ಹೊತ್ತಿಗೆ ಅಡ್ಡಾದಿಡ್ಡಿ ಇದ್ರೆ, ಅದು ಸೆನ್ಸರ್ ಸರಿದಿದ್ದು, ಕೈ ಆಡಿಸಿದ್ದು. ರಾತ್ರಿಯ ಅತಿ ಕಮ್ಮಿ ನಂಬರ್ ಒಂದನ್ನೇ ನೋಡಿ ಹೆದರಬೇಡಿ ಅನ್ನೋದು ಇದಕ್ಕೇ, ಅದು ಎಷ್ಟೋ ಸಲ ಸುಳ್ಳು.

ಈಗ ಲೆಕ್ಕ. ಆಕ್ಸಿಜನ್ ತನ್ನ ಮಾಮೂಲಿ ಮಟ್ಟದಿಂದ 3 ಅಥವಾ ಹೆಚ್ಚು ಅಂಶ, ಹತ್ತು ಸೆಕೆಂಡಾದ್ರೂ ಇಳಿದಿದ್ದು ಎಷ್ಟು ಸಲ, ಅದನ್ನ ರೆಕಾರ್ಡ್ ಆದ ಗಂಟೆಗಳಿಂದ ಭಾಗಿಸಿ. ಇದಕ್ಕೆ ಓಡಿಐ ಅಂತಾರೆ. ಕೆಲವು ಕಡೆ 4 ಅಂಶದ ಲೆಕ್ಕ ಹಿಡೀತಾರೆ, ಅದ್ರಲ್ಲಿ ನಂಬರ್ ಕಮ್ಮಿ ಬರುತ್ತೆ, ಹಾಗಾಗಿ ಯಾವ ಲೆಕ್ಕ ಅಂತ ರಿಪೋರ್ಟ್ ಮೇಲೆ ನೋಡ್ಕೊಳ್ಳಿ. ಉದಾಹರಣೆಗೆ ಆರೂವರೆ ಗಂಟೇಲಿ 130 ಸಲ ಇಳಿದಿದ್ರೆ 130 ಭಾಗಿಸು 6.5, ಗಂಟೆಗೆ 20. ಆ್ಯಪ್ ತಾನೇ ಇದನ್ನ ಕೊಟ್ರೂ ಒಂದು ಗಂಟೆಯ ಗ್ರಾಫನ್ನ ದೊಡ್ಡದು ಮಾಡಿ ನೀವೇ ಎಣಿಸಿ ತಾಳೆ ನೋಡಿ. ಸಿಎಸ್‌ವಿ ಇದ್ರೆ ಸ್ಪ್ರೆಡ್‌ಶೀಟಲ್ಲಿ ಸುಲಭ, ಪ್ರತಿ ಸಾಲಿಗೂ ಹಿಂದಿನ ಎರಡು ನಿಮಿಷದ ಗರಿಷ್ಠವನ್ನ ಮ್ಯಾಕ್ಸ್ ಫಾರ್ಮುಲಾದಿಂದ ತೆಗೀರಿ, ಸೆಕೆಂಡಿಗೊಂದು ಸಾಲು ಆದ್ರೆ 120 ಸಾಲು, ನಾಲ್ಕು ಸೆಕೆಂಡಿಗೊಂದಾದ್ರೆ 30, ಆ ಗರಿಷ್ಠದಿಂದ ಈಗಿನದ್ದನ್ನ ಕಳೀರಿ, 3 ಅಥವಾ ಮೇಲೆ ಬಂದಲ್ಲಿ ಗುರುತು ಹಾಕಿ. ಒಂದು ಇಳಿತದಲ್ಲಿ ಇಪ್ಪತ್ತು ಸಾಲು ಗುರುತಾಗಿದ್ರೂ ಅದು ಒಂದೇ ಘಟನೆ, ಮೇಲೆ ಹೋಗಿ ಮತ್ತೆ ಇಳಿದ್ರೆ ಮಾತ್ರ ಎರಡನೇದು.

ಗಂಟೆಗೆ 5ರ ಒಳಗೆ ಮೂರೂ ರಾತ್ರಿ ಬಂತು, ಲಕ್ಷಣನೂ ಇಲ್ಲ ಅಂದ್ರೆ ಸದ್ಯಕ್ಕೆ ಬಿಡಿ. 5ರಿಂದ 15ರ ಮಧ್ಯೆ ಬಂದು ಹಗಲು ತೂಕಡಿಕೆನೋ ಬಿಪಿನೋ ಇದ್ರೆ ಡಾಕ್ಟರನ್ನ ನೋಡಿ. 15 ದಾಟಿದ್ರೆ ಲಕ್ಷಣ ಇರ್ಲಿ ಬಿಡ್ಲಿ ಹೋಗ್ಲೇಬೇಕು. ಇನ್ನೊಂದು ನಂಬರ್ ಟಿ90, ಆಕ್ಸಿಜನ್ 90ಕ್ಕಿಂತ ಕೆಳಗೆ ಎಷ್ಟು ಹೊತ್ತು ಇತ್ತು ಅನ್ನೋದು. 90 ಅನ್ನೋದು ಸುಮ್ನೆ ಇಟ್ಟ ಗೆರೆ ಅಲ್ಲ, ಅದಕ್ಕಿಂತ ಕೆಳಗೆ ರಕ್ತದ ಆಕ್ಸಿಜನ್ ತುಂಬಾ ಬೇಗ ಕುಸಿಯೋಕೆ ಶುರು ಆಗುತ್ತೆ. ಗರಗಸದ ಹಲ್ಲೇ ಇಲ್ದೆ ಇಡೀ ಗೆರೆನೇ ಗಂಟೆಗಟ್ಲೆ 88ರಲ್ಲಿ ಮಲಗಿದ್ರೆ ಅದು ಆಪ್ನಿಯಾ ಒಂದೇ ಅಲ್ಲ, ಶ್ವಾಸಕೋಶದ ತೊಂದ್ರೆನೋ ತೂಕದಿಂದ ಉಸಿರು ಸಾಲದೆ ಇರೋದೋ ಇರಬಹುದು. ಏರೋದೂ ಇಳಿಯೋದೂ ಎರಡೂ ನಯವಾಗಿ ಅಲೆ ಅಲೆಯಾಗಿದ್ರೆ ಹೃದಯ ದುರ್ಬಲ ಇರೋರಲ್ಲಿ ಕಾಣೋ ಬೇರೆ ಥರದ ಉಸಿರಾಟ ಇರಬಹುದು. ಇದನ್ನೆಲ್ಲ ಡಾಕ್ಟರ್ ಬಿಡಿಸಿ ಹೇಳ್ಬೇಕು. ಮತ್ತೆ ಹಗಲಲ್ಲಿ ಎಚ್ಚರವಾಗಿ ಸುಮ್ನೆ ಕೂತಾಗ್ಲೂ ಬೆಚ್ಚಗಿನ ಬೆರಳಲ್ಲಿ 92ರ ಕೆಳಗೇ ಬರ್ತಿದ್ರೆ ಮೂರು ರಾತ್ರಿ ಕಾಯ್ಬೇಡಿ, ಅವತ್ತೇ ಹೋಗಿ. ಶಿವಮೊಗ್ಗ, ತೀರ್ಥಹಳ್ಳಿ ಇರೋ ಎತ್ತರ ಏಳುನೂರು ಮೀಟರ್ ಒಳಗೇ, ಎತ್ತರದಿಂದ ಆಕ್ಸಿಜನ್ ಕಮ್ಮಿ ಬಂತು ಅನ್ನೋ ಮಾತು ನಮ್ಮೂರುಗಳಿಗೆ ಹೊಂದಲ್ಲ.

ಈ ಬೆಳಕು ಎಲ್ಲಿ ಮೋಸ ಹೋಗುತ್ತೆ

ಕಾರ್ಬನ್ ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ ಈ ಎರಡು ದೀಪಕ್ಕೆ ಆಕ್ಸಿಜನ್ ಇರೋ ಹಿಮೋಗ್ಲೋಬಿನ್ ಥರಾನೇ ಕಾಣುತ್ತೆ. ಚಳಿಗೆ ಅಂತ ಬಾಗಿಲು ಕಿಟಕಿ ಮುಚ್ಚಿ ಕೋಣೆಯೊಳಗೆ ಅಗ್ಗಿಷ್ಟಿಕೆ ಕೆಂಡ ಇಟ್ಕೊಂಡು ಮಲಗಿದ್ರೆ ಜೀವಕ್ಕೇ ಅಪಾಯ, ಆಗ್ಲೂ ಆಕ್ಸಿಮೀಟರ್ 98 ತೋರಿಸ್ತಾನೇ ಇರಬಹುದು. ದಯವಿಟ್ಟು ಆ ಅಭ್ಯಾಸ ಬಿಡಿ. ರಕ್ತಹೀನತೆ ಇರೋರಿಗೂ ಶೇಕಡಾವಾರು ಸರಿಯಾಗೇ ಬರುತ್ತೆ, ಹಿಮೋಗ್ಲೋಬಿನ್ ಕಮ್ಮಿ ಇರೋದು ಇದ್ರಲ್ಲಿ ಗೊತ್ತಾಗಲ್ಲ, ಸುಸ್ತಿಗೆ ಅದೂ ಕಾರಣ ಇರಬಹುದು, ರಕ್ತ ಪರೀಕ್ಷೆ ಬೇರೆ ಮಾಡಿಸಿ. ಕಪ್ಪು ಚರ್ಮದವರಲ್ಲಿ ಆಕ್ಸಿಮೀಟರ್ ಇರೋದಕ್ಕಿಂತ ಜಾಸ್ತಿ ತೋರಿಸಬಹುದು ಅನ್ನೋದು 2020ರಲ್ಲಿ ಅಮೆರಿಕದ ಆಸ್ಪತ್ರೆಗಳ ಲೆಕ್ಕದಿಂದ ಮತ್ತೆ ಬೆಳಕಿಗೆ ಬಂತು. ಬಿಸಿಲಲ್ಲಿ ದುಡಿಯೋ ನಮ್ಮ ಜನಕ್ಕೂ ಇದು ಲೆಕ್ಕಕ್ಕೆ ಬರೋ ವಿಷಯ. ಒಂಟಿ ನಂಬರ್‌ಗಿಂತ ಇಳಿತಗಳ ಎಣಿಕೆ ನೋಡಿ ಅಂತ ನಾನು ಒತ್ತಿ ಹೇಳೋಕೆ ಇದೂ ಒಂದು ಕಾರಣ.

ಇನ್ನು ಆಪ್ನಿಯಾ ಇದ್ದೂ ಗ್ರಾಫ್ ಸಪಾಟಾಗಿ ಬರೋದು. ಸಣ್ಣ ವಯಸ್ಸು, ಸಣ್ಣ ಮೈ, ಒಳ್ಳೆ ಶ್ವಾಸಕೋಶ ಇರೋರಿಗೆ ಉಸಿರು ಕಟ್ಟಿದ್ರೂ ಆಕ್ಸಿಜನ್ 3 ಅಂಶ ಇಳಿಯೋ ಮುಂಚೆನೇ ಮೆದುಳು ಎಬ್ಬಿಸಿಬಿಡುತ್ತೆ. ನಿದ್ದೆ ಚೂರು ಚೂರಾಗುತ್ತೆ, ಆಕ್ಸಿಮೀಟರ್‌ಗೆ ಏನೂ ಕಾಣಲ್ಲ. ಅದೂ ಅಲ್ದೆ ನಾವು ಭಾಗಿಸೋದು ರೆಕಾರ್ಡ್ ಆದ ಗಂಟೆಯಿಂದ, ಅದ್ರಲ್ಲಿ ಎಚ್ಚರವಾಗಿ ಹೊರಳಾಡಿದ ಹೊತ್ತೂ ಸೇರಿರುತ್ತೆ, ಹಾಗಾಗಿ ನಮ್ಮ ನಂಬರ್ ನಿಜಕ್ಕಿಂತ ಕಮ್ಮಿನೇ ಬರೋದು ಜಾಸ್ತಿ. ಗ್ರಾಫ್ ಚೆನ್ನಾಗಿದೆ ಆದ್ರೆ ಹಗಲು ನಿದ್ದೆ ತಡೆಯೋಕೆ ಆಗ್ತಿಲ್ಲ ಅಂದ್ರೆ ಗ್ರಾಫ್ ಪಕ್ಕಕ್ಕಿಟ್ಟು ಡಾಕ್ಟರ್ ಹತ್ರ ಹೋಗಿ. ಮಕ್ಕಳಿಗೆ ಈ ಯಾವ ಲೆಕ್ಕವೂ ಹೊಂದಲ್ಲ, ಮಕ್ಕಳಲ್ಲಿ ಗಂಟೆಗೆ ಒಂದು ಘಟನೆನೂ ಜಾಸ್ತಿನೇ, ಬಾಯಿ ತೆರೆದು ಮಲಗೋ ಗೊರಕೆ ಹೊಡೆಯೋ ಮಗುವನ್ನ ನೇರ ಇಎನ್‌ಟಿ ಹತ್ರ ತೋರಿಸಿ, ಟಾನ್ಸಿಲ್ ಅಡಿನಾಯ್ಡ್ ನೋಡ್ತಾರೆ.

ಎಲೆಕ್ಟ್ರಾನಿಕ್ಸ್ ಓದೋ ಹುಡುಗ ಹುಡುಗೀರಿಗೆ

ಪ್ರಾಜೆಕ್ಟ್ ಅಂತ ಇದನ್ನೇ ಮಾಡ್ಬೇಕು ಅನ್ನೋರು ಮ್ಯಾಕ್ಸ್ 30102 ಅನ್ನೋ ಚಿಕ್ಕ ಮಾಡ್ಯೂಲ್ ತಗೊಳ್ಳಿ, ಅದ್ರಲ್ಲಿ 660ರ ಕೆಂಪು, 880ರ ಇನ್‌ಫ್ರಾರೆಡ್, ಬೆಳಕು ಹಿಡಿಯೋ ಡಯೋಡ್, 18 ಬಿಟ್ಟಿನ ಎಡಿಸಿ ಎಲ್ಲ ಒಂದರಲ್ಲೇ ಇದೆ, ಐ ಸ್ಕ್ವೇರ್ ಸಿ ಮೂಲಕ ಇಎಸ್‌ಪಿ 32 ಬೋರ್ಡಿಗೆ ಸೇರಿಸಬಹುದು. ಸೆಕೆಂಡಿಗೆ 100 ಸ್ಯಾಂಪಲ್ ಸಾಕು. ಎರಡೂ ಬೆಳಕಿನ ಬದಲಾಗೋ ಭಾಗವನ್ನ ಸ್ಥಿರ ಭಾಗದಿಂದ ಭಾಗಿಸಿ, ಕೆಂಪಿನದ್ದನ್ನ ಇನ್‌ಫ್ರಾರೆಡ್‌ನದ್ದರಿಂದ ಭಾಗಿಸಿದ್ರೆ ಬರೋದು ಆರ್. 110ರಿಂದ ಆರ್‌ನ 25 ಪಟ್ಟು ಕಳೆದ್ರೆ ಒರಟು ಲೆಕ್ಕದ ಆಕ್ಸಿಜನ್ ಶೇಕಡಾ ಸಿಗುತ್ತೆ, ಆರ್ 0.5 ಇದ್ರೆ 97.5, 1 ಇದ್ರೆ 85. ಈ ಸೂತ್ರ ನಿಮ್ಮ ಸೆನ್ಸರ್‌ಗೆ ತಕ್ಕ ಹಾಗೆ ತಿದ್ದಿದ್ದಲ್ಲ, ಹಾಗಾಗಿ ನಂಬರ್ ಮೇಲೆ ಭಾರ ಹಾಕ್ಬೇಡಿ, ಇಳಿತಗಳ ಆಕಾರ ನೋಡೋಕೆ ಇದು ಚೆನ್ನಾಗೇ ಸಾಕು. ಬೆರಳನ್ನ ಒತ್ತಿ ಹಿಡಿದಷ್ಟೂ ಸಿಗ್ನಲ್ ಕೆಡುತ್ತೆ, ಮೆತ್ತಗಿನ ವೆಲ್ಕ್ರೋ ಪಟ್ಟೀಲಿ ಹಗುರವಾಗಿ ಕಟ್ಟಿ. ಪವರ್ ಬ್ಯಾಂಕಿಂದ ಓಡಿಸಿ, ಮಲಗಿರೋ ಮನುಷ್ಯನ ಮೈಗೆ ತಾಗಿರೋ ಸರ್ಕ್ಯೂಟನ್ನ ಗೋಡೆಯ ಪ್ಲಗ್ಗಿಗೆ ಹಾಕಿದ ಚಾರ್ಜರಿಗೆ ಯಾವತ್ತೂ ಜೋಡಿಸ್ಬೇಡಿ. ಮತ್ತೆ ನೀವು ಮಾಡಿದ್ದನ್ನ ಪಕ್ಕದ ಮನೆ ಅಜ್ಜನಿಗೆ ಹಾಕಿ ಕಾಯಿಲೆ ಇಲ್ಲ ಅಂತ ಹೇಳೋ ಕೆಲಸ ಮಾಡ್ಬೇಡಿ. ಇದೆ ಅನ್ನೋ ಅನುಮಾನ ಬಂದ್ರೆ ಹೇಳಿ, ಇಲ್ಲ ಅಂತ ಹೇಳೋ ಅಧಿಕಾರ ಇದಕ್ಕಿಲ್ಲ.

ಮುಂದೇನು

ಮೂರು ರಾತ್ರಿಯ ಪಿಡಿಎಫ್ ಪ್ರಿಂಟ್, ನೋಟ್‌ಬುಕ್, ವಿಡಿಯೋ, ತಗೋತಿರೋ ಮಾತ್ರೆ ಚೀಟಿ ಎಲ್ಲ ಹಿಡ್ಕೊಂಡು ಶ್ವಾಸಕೋಶದ ಡಾಕ್ಟರ್ ಅಥವಾ ಇಎನ್‌ಟಿ ಹತ್ರ ಹೋಗಿ. ಗೊರಕೆ ಸ್ವಾಮಿ ಅಂತ ಮಾತ್ರ ಹೇಳಿದ್ರೆ ತೂಕ ಇಳಿಸಿ ಅಂತ ಹೇಳಿ ಕಳಿಸಿಬಿಡಬಹುದು, ಹಾಗಾಗಿ ಗಂಟೆಗೆ ಇಷ್ಟು ಸಲ ಆಕ್ಸಿಜನ್ ಇಳೀತಿದೆ, ನಿದ್ದೇಲಿ ಉಸಿರು ನಿಲ್ಲೋದನ್ನ ಮನೆಯವರು ನೋಡಿದಾರೆ, ಸ್ಲೀಪ್ ಸ್ಟಡಿ ಬೇಕಾ ಅಂತ ನೇರ ಕೇಳಿ. ಮನೇಲೇ ಮಾಡೋ ಪರೀಕ್ಷೆ ಇದೆ, ಅದ್ರಲ್ಲಿ ಮೂಗಿನ ಗಾಳಿ, ಎದೆ ಹೊಟ್ಟೆಯ ಚಲನೆ ಕೂಡ ಅಳೀತಾರೆ. ಆಸ್ಪತ್ರೇಲಿ ಮಲಗಿಸಿ ಮೆದುಳಿನ ಅಲೆ ಸಮೇತ ನೋಡೋ ಪಾಲಿಸೋಮ್ನೋಗ್ರಫಿನೂ ಇದೆ, ಹೃದಯದ್ದೋ ಶ್ವಾಸಕೋಶದ್ದೋ ತೊಂದ್ರೆ ಇರೋರಿಗೆ ಅದೇ ಸರಿ. ಯಾವುದೇ ಆಪರೇಷನ್ ಇದ್ರೆ ಈ ಪ್ರಿಂಟನ್ನ ಅನಸ್ತೇಶಿಯಾ ಡಾಕ್ಟರ್‌ಗೆ ಮುಂಚೆನೇ ತೋರಿಸಿ, ಮರೀಬೇಡಿ.

ಪರೀಕ್ಷೆ ಆಗೋ ತನಕ ಮಗ್ಗುಲಾಗಿ ಮಲಗಿ, ತಲೆಗಡೆ ಸ್ವಲ್ಪ ಎತ್ತರ ಮಾಡ್ಕೊಳ್ಳಿ, ರಾತ್ರಿ ಹೆಂಡ ಬಿಡಿ, ನಿದ್ದೆ ಬರ್ತಿಲ್ಲ ಅಂತ ಸ್ವಂತವಾಗಿ ನಿದ್ದೆ ಮಾತ್ರೆ ತಗೋಬೇಡಿ, ಕೆಲವು ಮಾತ್ರೆ ಇದನ್ನ ಇನ್ನೂ ಹೆಚ್ಚು ಮಾಡ್ತವೆ. ಬಸ್ಸು, ಲಾರಿ, ಟ್ಯಾಕ್ಸಿ ಓಡಿಸೋ ಅಣ್ಣಂದಿರೇ, ಆಗುಂಬೆ ಘಾಟಿಯ 14 ತಿರುವಲ್ಲೋ ಸಾಗರ ಹೊನ್ನಾವರ ರಸ್ತೇಲೋ ಕಣ್ಣು ಎಳೀತಿದೆ ಅಂದ್ರೆ ಟೀ ಕುಡಿದು ಮುಂದುವರಿಯೋ ವಿಷಯ ಅಲ್ಲ ಇದು. ಕೆಲಸ ಹೋಗುತ್ತೆ ಅಂತ ಮುಚ್ಚಿಡ್ಬೇಡಿ, ಇದಕ್ಕೆ ಚಿಕಿತ್ಸೆ ಇದೆ, ಚಿಕಿತ್ಸೆ ತಗೊಂಡೋರು ಎಷ್ಟೋ ಜನ ಎಚ್ಚರವಾಗಿ ಗಾಡಿ ಓಡಿಸ್ತಿದಾರೆ.

ಆ ಚಿಕಿತ್ಸೇಲಿ ಮುಖ್ಯವಾದ್ದು ಸಿಪ್ಯಾಪ್, ಮಾಸ್ಕ್ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲನ್ನ ತೆರೆದೇ ಇಡೋ ಯಂತ್ರ, ಆಸ್ಟ್ರೇಲಿಯಾದ ಕಾಲಿನ್ ಸಲಿವಾನ್ 1981ರಲ್ಲಿ ಪ್ರಕಟಿಸಿದ್ದು. ಅದು ಕರೆಂಟಲ್ಲಿ ಓಡೋದು, ನಮ್ಮ ಕಡೆ ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ರೆ ಎರಡು ದಿನ ಕರೆಂಟಿಲ್ಲ, ಹಾಗಾಗಿ ಯಂತ್ರ ತಗೊಳ್ಳೋವಾಗಲೇ ಯುಪಿಎಸ್ ಮೇಲೆ ಎಷ್ಟು ಗಂಟೆ ಓಡುತ್ತೆ, ಬಿಸಿ ನೀರಿನ ಹ್ಯೂಮಿಡಿಫೈಯರ್ ಆಫ್ ಮಾಡಿದ್ರೆ ಎಷ್ಟು ಉಳಿಯುತ್ತೆ ಅಂತ ಕೇಳಿ ಇಟ್ಕೊಳ್ಳಿ. ಮಾಸ್ಕ್ ಅಭ್ಯಾಸ ಆಗೋಕೆ ಕೆಲವು ವಾರ ಹಿಡಿಯುತ್ತೆ. ಅಭ್ಯಾಸ ಆದ ಮೇಲೆ ಅದೇ ಸೆನ್ಸರನ್ನ ಮತ್ತೆ ಒಂದು ರಾತ್ರಿ ಬೆರಳಿಗೆ ಹಾಕಿ, ಮಾಸ್ಕ್ ಹಾಕ್ಕೊಂಡೇ. ಗೆರೆ ಸಪಾಟಾಗಿದ್ರೆ ಒತ್ತಡ ಸಾಕಾಗ್ತಿದೆ. ಗರಗಸದ ಹಲ್ಲು ಇನ್ನೂ ಕಾಣ್ತಿದ್ರೆ ಮಾಸ್ಕ್ ಸಂದೀಲಿ ಗಾಳಿ ಸೋರ್ತಿರಬಹುದು, ಒತ್ತಡ ಕಮ್ಮಿ ಇರಬಹುದು, ಮುಂಚಿನ ಪ್ರಿಂಟು ಈಗಿನ ಪ್ರಿಂಟು ಎರಡನ್ನೂ ತಗೊಂಡು ಅದೇ ಡಾಕ್ಟರ್ ಹತ್ರ ಹೋಗಿ ಸರಿಮಾಡಿಸ್ಕೊಳ್ಳಿ.